ದಾಳ ಬಿದ್ದದ್ದನ್ನೇ ಕೀಲಿಯಾಗಿ ಒಪ್ಪಿಕೊಳ್ಳುವ ಕ್ರಮ

ಗುಪ್ತಲಿಪಿಯ ಭದ್ರತೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಕೀಲಿಯ ಮೇಲೆ, ಅಂದರೆ ಪಾಸ್‌ವರ್ಡಿನಂಥ ಗುಟ್ಟಿನ ಮೇಲೆ. ಬೀಗದ ಒಳರಚನೆ ಊರಿಗೆಲ್ಲ ತಿಳಿದಿದ್ದರೂ ಕೀಲಿಯೊಂದು ಗುಟ್ಟಾಗಿದ್ದರೆ ಸಾಕು, ವ್ಯವಸ್ಥೆ ಹಾಗಿರಬೇಕು ಎಂದು ಆಗಸ್ಟ್ ಕರ್ಕ್‌ಹಾಫ್ಸ್ 1883ರಲ್ಲೇ ಬರೆದರು. ಇಂದು ನಮ್ಮ ಮೊಬೈಲು, ಬ್ಯಾಂಕಿನ ಆ್ಯಪ್, ವಾಟ್ಸ್ಆ್ಯಪ್ ಸಂದೇಶಗಳೆಲ್ಲ ನಡೆಯುವುದು ಈ ತತ್ತ್ವದ ಮೇಲೆಯೇ. ಅವು ಬಳಸುವ ಗಣಿತವನ್ನು ಯಾರು ಬೇಕಾದರೂ ಓದಬಹುದು. ಹೀಗಾಗಿ ಕದಿಯಬಯಸುವವನು ಮೊದಲು ಹಿಡಿಯುವ ದಾರಿ ಕೀಲಿಯನ್ನು ಊಹಿಸುವುದು. ಊಹೆಗೆ ನಿಲುಕದ ಕೀಲಿಯನ್ನು ಮನುಷ್ಯ ತಾನೇ ಯೋಚಿಸಿ ಮಾಡಲಾರ. ತಾನು ಹಿಂದೆ ಸರಿದು, ಬಿದ್ದದ್ದನ್ನು ಬಿದ್ದಂತೆಯೇ ಒಪ್ಪಿಕೊಂಡಾಗ ಮಾತ್ರ ಅದು ದೊರೆಯುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕೈಯಿಂದ ಮಾಡಬೇಕಾದ ಕೆಲಸವೂ ಇದೆ, ಆ ಕೆಲಸ ಕೇಳುವ ಮನೋಧರ್ಮದ ವಿಚಾರವೂ ಇದೆ. ಎರಡನ್ನೂ ಬೇರ್ಪಡಿಸಿ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಮುಂಬಯಿಯ ಕನ್ನಡಿಗರ ಮನೆಯೊಂದನ್ನು ಎಣಿಸಿಕೊಳ್ಳಿ. ಡೊಂಬಿವಲಿಯಲ್ಲೋ ಮಾಟುಂಗದಲ್ಲೋ ಇರುವ ನಿವೃತ್ತ ತಂದೆ, ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಮಗ, ಮಡಗಾಂವಿನಲ್ಲಿ ಸಂಸಾರ ಹೂಡಿರುವ ಮಗಳು. ತಂದೆಯ ಪಾಸ್‌ವರ್ಡ್ ಬಹುಪಾಲು ಊರಿನ ಹೆಸರು, ಹುಟ್ಟಿದ ವರ್ಷ, ಕೊನೆಗೊಂದು ಚಿಹ್ನೆ. ಕುಲದೇವರ ಹೆಸರಿನ ಮುಂದೆ 123 ಸೇರಿಸುವವರೂ ಬೇಕಾದಷ್ಟು ಮಂದಿ ಇದ್ದಾರೆ. ಇದರ ಬಲವನ್ನು ಲೆಕ್ಕ ಹಾಕಿ ನೋಡಬಹುದು. ನೂರು ವರ್ಷಗಳ ಜನ್ಮದಿನಾಂಕಗಳನ್ನೆಲ್ಲ ಸೇರಿಸಿದರೂ 36,500ರಷ್ಟು ಮಾತ್ರ ಆಗುತ್ತವೆ. ಕಂಪ್ಯೂಟರಿಗೆ ಅದು ಕಣ್ಣೆವೆಯಿಕ್ಕುವಷ್ಟು ಹೊತ್ತಿನ ಕೆಲಸವೂ ಅಲ್ಲ. ಈ ಬಲವನ್ನು ಅಳೆಯುವ ಮಾನ ಬಿಟ್. ಒಂದು ಬಿಟ್ ಹೆಚ್ಚಿದರೆ ಊಹಿಸುವವನ ಕೆಲಸ ಎರಡು ಪಟ್ಟಾಗುತ್ತದೆ. ಜನ್ಮದಿನಾಂಕಕ್ಕೆ ಸುಮಾರು 15 ಬಿಟ್ ಬಲವಿದ್ದರೆ, ಮುಖ್ಯ ಕೀಲಿಯೊಂದಕ್ಕೆ 75 ಬಿಟ್‌ಗೆ ಕಡಿಮೆಯಿಲ್ಲದ ಬಲವಿರಲಿ ಎನ್ನುವುದು ನನ್ನ ಸಲಹೆ.

ಸುಮ್ಮನೆ ಮನಸ್ಸಿಗೆ ತೋಚಿದ್ದನ್ನು ಬರೆದರೆ ಸಾಲದೇ ಎಂದು ಕೇಳುವವರಿಗೆ ಮನೆಯಲ್ಲೇ ಒಂದು ಪರೀಕ್ಷೆಯಿದೆ. ಒಬ್ಬರು ನಿಜವಾಗಿ ನಾಣ್ಯವನ್ನು ನೂರು ಬಾರಿ ಚಿಮ್ಮಿ ಬಂದದ್ದನ್ನು ಬರೆಯಲಿ, ಇನ್ನೊಬ್ಬರು ನಾಣ್ಯವಿಲ್ಲದೆ ಮನಸ್ಸಿನಿಂದಲೇ ನೂರು ಫಲಗಳನ್ನು ಬರೆಯಲಿ. ನಾಣ್ಯದ ಪಟ್ಟಿಯಲ್ಲಿ ಒಂದೇ ಮುಖ ಐದು ಅಥವಾ ಹೆಚ್ಚು ಸಲ ಸಾಲಾಗಿ ಬಿದ್ದಿರುವ ಸಾಧ್ಯತೆ ನೂರಕ್ಕೆ 97ರಷ್ಟಿದೆ. ಮನಸ್ಸಿನಿಂದ ಬರೆದವರು ಸಾಮಾನ್ಯವಾಗಿ ಮೂರಕ್ಕೋ ನಾಲ್ಕಕ್ಕೋ ನಿಲ್ಲಿಸಿ ಮುಖ ಬದಲಿಸಿರುತ್ತಾರೆ, ಏಕೆಂದರೆ ಸಾಲಾಗಿ ಬಂದದ್ದು ಅವರ ಕಣ್ಣಿಗೆ ಅಸಹಜವಾಗಿ ತೋರುತ್ತದೆ. ಮನಸ್ಸಿಗೆ ನೆನಪಿದೆ, ಸಂಕೋಚವಿದೆ, ಅಂದಚಂದದ ಆಸೆಯಿದೆ. ದಾಳಕ್ಕೆ ಇವು ಯಾವುವೂ ಇಲ್ಲ, ಮತ್ತು ನಮಗೆ ಬೇಕಾಗಿರುವುದು ಆ ಇಲ್ಲದಿರುವಿಕೆಯೇ.

ಪದಗಳ ಪಟ್ಟಿ, ಮೂರು ದಾಳ, ಮೂವತ್ತು ಅಂಕಿ

ದಾಳ ಉರುಳಿಸಿ ಪಟ್ಟಿಯಿಂದ ಪದಗಳನ್ನು ಆರಿಸುವ ಈ ಪದ್ಧತಿಗೆ ಡೈಸ್‌ವೇರ್ ಎಂದು ಹೆಸರು. ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಇದನ್ನು ರೂಪಿಸಿದರು. ಅವರ ಪಟ್ಟಿಯಲ್ಲಿ 7,776 ಪದಗಳಿವೆ, ಅಂದರೆ ಐದು ಆರುಗಳನ್ನು ಒಂದಕ್ಕೊಂದು ಗುಣಿಸಿದಷ್ಟು. ಪ್ರತಿ ಪದಕ್ಕೂ ಐದು ದಾಳದಂಕಿ ಬೇಕು. ಇಂಗ್ಲಿಷ್ ಪದಗಳು ಒಗ್ಗುವವರು ಅದನ್ನೇ ಬಳಸಬಹುದು. ಕನ್ನಡದ ಪದಗಳು ನಾಲಿಗೆಯ ಮೇಲೆ ಬೇಗ ನಿಲ್ಲುವುದರಿಂದ ಮನೆಯವರೆಲ್ಲ ಕೂತು 216 ಪದಗಳ ಪಟ್ಟಿಯೊಂದನ್ನು ಮಾಡಿಕೊಳ್ಳುವುದು ನನಗೆ ಹೆಚ್ಚು ಇಷ್ಟ. ಮೂರು ಆರುಗಳನ್ನು ಒಂದಕ್ಕೊಂದು ಗುಣಿಸಿದರೆ 216. ಪ್ರತಿ ಪದಕ್ಕೆ ಮೂರು ಅಂಕಿ, ಸುಮಾರು 7.75 ಬಿಟ್. ಇಂಥ ಹತ್ತು ಪದಗಳಿಗೆ ಮೂವತ್ತು ಅಂಕಿಗಳು, 77.5 ಬಿಟ್. ದೊಡ್ಡ ಪಟ್ಟಿಯ ಆರು ಪದಗಳಿಗೂ ಮೂವತ್ತೇ ಅಂಕಿಗಳು ಬೇಕಾಗುವುದರಿಂದ ಎರಡರ ಬಲವೂ ಒಂದೇ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಊಹೆ ಮಾಡುವ ಯಂತ್ರಕ್ಕೂ ಇದನ್ನೆಲ್ಲ ಜಾಲಾಡಲು ಸುಮಾರು 7,000 ವರ್ಷ ಬೇಕು, ಸರಾಸರಿ ಅದರ ಅರ್ಧ.

ಪಟ್ಟಿಗೆ ಬೇಕಾದವು ಚಿಕ್ಕ, ಕಣ್ಣಿಗೆ ಕಟ್ಟುವ ಪದಗಳು: ಚಾಪೆ, ನುಗ್ಗೆ, ಬಂಗುಡೆ, ಜೋಕಾಲಿ, ಕೊಡೆ, ಸುಣ್ಣ, ಲೋಕಲ್, ಪಲ್ಲಕ್ಕಿ. ಒಂದರಂತೆ ಇನ್ನೊಂದು ಕೇಳಿಸದಿರಲಿ. ಬೆಲ್ಲ ಇದ್ದರೆ ಬಲ್ಲ ಬೇಡ. ಪ್ರತಿ ಪದದ ಮುಂದೆ 111ರಿಂದ 666ರವರೆಗೆ, ಒಂದರಿಂದ ಆರರ ಅಂಕಿಗಳು ಮಾತ್ರ ಬರುವಂತೆ, ಕ್ರಮಸಂಖ್ಯೆ ಬರೆಯಿರಿ. ಈ ಪಟ್ಟಿಯನ್ನು ಗುಟ್ಟಾಗಿಡಬೇಕಾಗಿಲ್ಲ; ಅಡುಗೆಮನೆಯ ಬಾಗಿಲಿಗೆ ಅಂಟಿಸಿದರೂ ನಷ್ಟವಿಲ್ಲ. ಕರ್ಕ್‌ಹಾಫ್ಸ್ ಹೇಳಿದ್ದು ಇದನ್ನೇ: ಬಲವಿರುವುದು ಪಟ್ಟಿಯಲ್ಲಿಲ್ಲ, ಅದರಿಂದ ಯಾವ ಪದಗಳು ಯಾವ ಕ್ರಮದಲ್ಲಿ ಬಂದವು ಎಂಬುದರಲ್ಲಿದೆ.

ಟೈಪು ಮಾಡುವಾಗ ಮಾತ್ರ ಕನ್ನಡ ಲಿಪಿಯನ್ನು ಬಿಟ್ಟು ಇಂಗ್ಲಿಷ್ ಅಕ್ಷರಗಳನ್ನು ಬಳಸಿ. ಭಾಷಾಭಿಮಾನಕ್ಕೆ ಇದು ತುಸು ನೋವೇ, ಆದರೆ ಕಾರಣವಿದೆ. ಯುನಿಕೋಡ್‌ನಲ್ಲಿ ‘ಕೊ’ ಎಂಬ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಪಾಸ್‌ವರ್ಡ್ ಪರೀಕ್ಷಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಆಗಿಬಿಡಬಹುದು. ಹೊಸ ಮೊಬೈಲಿನ ಕೀಬೋರ್ಡು ಇನ್ನೊಂದು ಬಗೆಯಲ್ಲಿ ಬರೆದರೆ ನಿಮ್ಮದೇ ಬೀಗ ನಿಮಗೇ ತೆರೆಯದು. ಆದ್ದರಿಂದ ಪಟ್ಟಿಯಲ್ಲೇ ಪ್ರತಿ ಪದದ ಇಂಗ್ಲಿಷ್ ಕಾಗುಣಿತವನ್ನೂ ಬರೆದಿಟ್ಟು, ಅದನ್ನೇ ಕಟ್ಟುನಿಟ್ಟಾಗಿ ಪಾಲಿಸಿ.

ಇನ್ನು ದಾಳಗಳು. ದಾದರಿನ ಯಾವ ಆಟಿಕೆ ಅಂಗಡಿಯಲ್ಲೂ ಸಿಗುವ ಲೂಡೊ ದಾಳಗಳು ಸಾಕು, ಆದರೆ ಮೂರಕ್ಕೂ ಬೇರೆ ಬೇರೆ ಬಣ್ಣವಿರಲಿ. ಕೆಂಪು ಮೊದಲ ಅಂಕಿ, ಬಿಳಿ ಎರಡನೆಯದು, ಹಸಿರು ಮೂರನೆಯದು ಎಂದು ಉರುಳಿಸುವ ಮೊದಲೇ ತೀರ್ಮಾನಿಸಿ ಬರೆದಿಡಿ. ಇದು ಸಣ್ಣ ವಿಷಯವಲ್ಲ. ಒಂದೇ ಬಣ್ಣದ ದಾಳಗಳನ್ನು ಉರುಳಿಸಿ, ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಓದುವ ಅಭ್ಯಾಸ ಹಲವರಿಗಿದೆ. ಹಾಗೆ ಓದಿದರೆ 216 ಸಾಧ್ಯತೆಗಳು ಕುಸಿದು 56ಕ್ಕೆ ನಿಲ್ಲುತ್ತವೆ, ಪಟ್ಟಿಯ ಉಳಿದ 160 ಪದಗಳು ಎಂದೂ ಬರುವುದೇ ಇಲ್ಲ. ಮೂರನ್ನೂ ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಾಕಿ ಚೆನ್ನಾಗಿ ಕುಲುಕಿ, ಚಾದರದ ಮೇಲೆ ಸುರಿಯಿರಿ. ಕೆಂಪು ನಾಲ್ಕು, ಬಿಳಿ ಒಂದು, ಹಸಿರು ಆರು ಬಿದ್ದರೆ 416ನೆಯ ಪದವನ್ನು ಕಾಗದದ ಮೇಲೆ ಬರೆಯಿರಿ. ದಾಳ ಮಂಚದ ಕೆಳಗೆ ಹೋದರೆ ಏನು ಮಾಡಬೇಕೆಂಬುದನ್ನೂ ಮೊದಲೇ ತೀರ್ಮಾನಿಸಿ, ಏಕೆಂದರೆ ಅಂಕಿ ಕಂಡ ಮೇಲೆ ಮಾಡುವ ನಿಯಮಗಳಲ್ಲಿ ನಮ್ಮ ಇಷ್ಟಾನಿಷ್ಟ ನುಸುಳುತ್ತದೆ. ಕೋಣೆಯಲ್ಲಿ ಸಿಸಿಟಿವಿ ಇರದಿರಲಿ, ಮೊಬೈಲು ಹೊರಗಿರಲಿ.

ಅಗ್ಗದ ದಾಳ ಒಂದು ಮುಖದತ್ತ ವಾಲುತ್ತದಲ್ಲ ಎಂಬ ಆತಂಕ ಬೇಡ. ಆರು ಬೀಳುವ ಸಾಧ್ಯತೆ ಆರರಲ್ಲಿ ಒಂದರ ಬದಲು ಐದರಲ್ಲಿ ಒಂದಾಗುವಷ್ಟು ಕೆಟ್ಟ ದಾಳವಾದರೂ, ಅತ್ಯಂತ ಕಟುವಾಗಿ ಲೆಕ್ಕ ಹಾಕಿದಾಗ ಮೂವತ್ತು ಅಂಕಿಗಳಿಂದ ಸುಮಾರು 70 ಬಿಟ್ ಉಳಿಯುತ್ತದೆ. ದಾಳದ ದೋಷಕ್ಕಿಂತ ಉರುಳಿಸುವವನ ಮನಸ್ಸಿನ ದೋಷ ದೊಡ್ಡದು.

ಪ್ರಸಾದ ಕೇಳುವವರಿಂದ ಕಲಿಯಬೇಕಾದದ್ದು

ಮುಂಬಯಿಯಲ್ಲಿ ನೆಲೆಸಿದ ನಮ್ಮ ಕರಾವಳಿಯವರಲ್ಲಿ ಹಲವರಿಗೆ ಕುಲದೇವರು ಗೋವೆಯಲ್ಲಿದ್ದಾರೆ. ಅಲ್ಲಿನ ದೇವಸ್ಥಾನಗಳಲ್ಲಿ ಕೌಲ್ ಪ್ರಸಾದ ಕೇಳುವ ಪದ್ಧತಿಯನ್ನು ಕಂಡವರಿಗೆ ಈಗ ಹೇಳುವ ಮಾತು ಸುಲಭವಾಗಿ ಹಿಡಿಸುತ್ತದೆ. ಹೂವಿನ ಎಸಳುಗಳನ್ನೋ ಮೊಗ್ಗುಗಳನ್ನೋ ನೀರಿನಲ್ಲಿ ಅದ್ದಿ ದೇವರ ಮೂರ್ತಿಗೆ ಅಂಟಿಸಿ, ಭಕ್ತನ ಪ್ರಶ್ನೆಯನ್ನು ಅರ್ಚಕರು ನಿವೇದಿಸಿ ಕಾಯುತ್ತಾರೆ. ಎಸಳು ಒಣಗುತ್ತ ಸಡಿಲವಾಗುತ್ತದೆ. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಆ ಹೊತ್ತಿನಲ್ಲಿ ಯಾರೂ ಮೂರ್ತಿಯನ್ನು ಮುಟ್ಟುವುದಿಲ್ಲ, ಊದುವುದಿಲ್ಲ. ಎಡಕ್ಕೆ ಬಿತ್ತೆಂದು ಮತ್ತೆ ಅಂಟಿಸಿ, ಬಲಕ್ಕೆ ಬೀಳುವವರೆಗೆ ಕೇಳುತ್ತ ಹೋದರೆ ಅದು ಕೇಳುವಿಕೆಯೇ ಅಲ್ಲವೆಂದು ಅಲ್ಲಿ ನಿಂತ ಎಲ್ಲರಿಗೂ ತಿಳಿದಿದೆ.

ಉದ್ದೇಶದಲ್ಲಿ ಎರಡಕ್ಕೂ ಅಂತರವಿದೆ ನಿಜ. ಅಲ್ಲಿ ಬಿದ್ದ ಹೂವಿನಲ್ಲಿ ಭಕ್ತನು ಅರ್ಥವನ್ನು ಕಾಣುತ್ತಾನೆ. ಇಲ್ಲಿ ಬಿದ್ದ ಪದಗಳಿಗೆ ಅರ್ಥವೇ ಇರಬಾರದು. ಆದರೆ ಕೇಳುವವನ ಆಸೆ ಫಲದೊಳಗೆ ಕೈಯಿಡಬಾರದು ಎಂಬ ನಿಷ್ಠೆ ಎರಡರಲ್ಲೂ ಒಂದೇ. ಹತ್ತು ಪದಗಳು ಬಂದ ಮೇಲೆ ‘ಸುಣ್ಣ ಅಷ್ಟು ಚೆನ್ನಾಗಿಲ್ಲ, ಇನ್ನೊಂದು ಉರುಳಿಸೋಣ’ ಎನಿಸುವುದು ಸಹಜ. ಪದಗಳನ್ನು ಹಿಂದುಮುಂದು ಮಾಡಿ ಒಂದು ವಾಕ್ಯದಂತೆ ಜೋಡಿಸುವ ಆಸೆ ಅದಕ್ಕಿಂತ ಬಲವಾದದ್ದು. ಅದರ ಬೆಲೆಯನ್ನು ಲೆಕ್ಕ ಹಾಕಿ ನೋಡಿ: ಹತ್ತು ಪದಗಳನ್ನು 36,28,800 ಬಗೆಯಲ್ಲಿ ಜೋಡಿಸಬಹುದು, ಅವುಗಳಲ್ಲಿ ಅರ್ಥ ಕೊಡುವ ಒಂದನ್ನೇ ನೀವು ಆರಿಸುತ್ತೀರೆಂದು ಊಹಿಸುವವನಿಗೆ ಗೊತ್ತಾದರೆ 77ರಲ್ಲಿ ಸುಮಾರು 22 ಬಿಟ್ ಕೈಬಿಟ್ಟು ಹೋದಂತೆ. ಹಾಗೆ ಮಾಡದೆ, ನಾಲ್ಕು ಪಾಸ್‌ಫ್ರೇಸ್‌ಗಳನ್ನು (ಹತ್ತು ಪದಗಳ ಇಂಥ ಸಾಲುಗಳನ್ನು) ಉರುಳಿಸಿ ನೆನಪಿಗೆ ಹತ್ತಿರವಾದ ಒಂದನ್ನು ಇಟ್ಟುಕೊಳ್ಳುತ್ತೇನೆ ಎಂದು ಮೊದಲೇ ನಿಶ್ಚಯಿಸಿದರೆ ಹೆಚ್ಚೆಂದರೆ ಎರಡು ಬಿಟ್ ನಷ್ಟ. ಆಯ್ಕೆಗೆ ಎಲ್ಲೆ ಹಾಕಿದಾಗ ನಷ್ಟಕ್ಕೂ ಎಲ್ಲೆ ಬೀಳುತ್ತದೆ. ಎಲ್ಲೆಯಿಲ್ಲದ ಆಯ್ಕೆಯಲ್ಲಿ ದಾಳ ಹೆಸರಿಗೆ ಮಾತ್ರ ಇರುತ್ತದೆ.

‘ನಾನು ಮಾಡಿದೆ’ ಎಂಬುದನ್ನು ಬಿಡುವ ಅಭ್ಯಾಸವನ್ನು ನಮ್ಮ ಅಧ್ಯಾತ್ಮ ಪರಂಪರೆಗಳು ಎಷ್ಟೋ ಬಗೆಯಲ್ಲಿ ಬೋಧಿಸಿವೆ. ಗುಪ್ತಲಿಪಿಯಲ್ಲಿ ಅದೇ ಮಾತು ಅಳತೆಗೆ ಸಿಗುವಂತೆ ಬರುತ್ತದೆ ಎಂಬುದು ನನಗೆ ಬಹಳ ದೊಡ್ಡದೆನಿಸುತ್ತದೆ. ಎಷ್ಟು ನಮ್ಮತನ ಉಳಿಯಿತೋ ಅಷ್ಟು ಬಿಟ್ ಕಳೆಯಿತು ಎಂದು ಅಂಕಿಯಲ್ಲೇ ತೋರಿಸಬಹುದು.

ಮನೆಯಲ್ಲಿ ಕವಡೆ ಮಾತ್ರ ಇದ್ದರೆ

ಚೌಕಾಬಾರದ ಕವಡೆಗಳು ದಾಳದಷ್ಟು ಸಮವಲ್ಲ. ಕವಡೆ ಬಾಯಿ ಮೇಲಾಗಿ ಬೀಳುವ ಮತ್ತು ಮಗುಚಿ ಬೀಳುವ ಸಾಧ್ಯತೆಗಳು ಸಮಸಮ ಇರುವುದಿಲ್ಲ, ಒಂದೊಂದು ಕವಡೆಯ ವಾಲು ಒಂದೊಂದು ರೀತಿ. ವಾಲುವ ವಸ್ತುವಿನಿಂದಲೂ ವಾಲದ ಫಲವನ್ನು ಪಡೆಯುವ ಉಪಾಯವನ್ನು ಜಾನ್ ವಾನ್ ನಾಯ್ಮನ್ 1951ರಲ್ಲಿ ಪ್ರಕಟಿಸಿದರು. ಒಂದೇ ಕವಡೆಯನ್ನು ಎರಡು ಸಲ ಹಾಕಿ. ಮೊದಲು ಬಾಯಿ, ಆಮೇಲೆ ಬೆನ್ನು ಬಂದರೆ ಸೊನ್ನೆ ಬರೆಯಿರಿ. ಮೊದಲು ಬೆನ್ನು, ಆಮೇಲೆ ಬಾಯಿ ಬಂದರೆ ಒಂದು ಬರೆಯಿರಿ. ಎರಡೂ ಸಲ ಒಂದೇ ಬಂದರೆ ಏನನ್ನೂ ಬರೆಯದೆ ಮತ್ತೆ ಎರಡು ಸಲ ಹಾಕಿ. ಕವಡೆಯ ವಾಲು ಎಷ್ಟೇ ಇರಲಿ, ಎರಡೂ ಹಾಕುವಿಕೆಗಳಲ್ಲಿ ಅದು ಒಂದೇ ಆಗಿರುವುದರಿಂದ ಬಾಯಿ-ಬೆನ್ನು ಮತ್ತು ಬೆನ್ನು-ಬಾಯಿ ಬರುವ ಸಾಧ್ಯತೆಗಳು ತಕ್ಕಡಿಯ ಎರಡು ತಟ್ಟೆಗಳಂತೆ ಸಮವಾಗಿರುತ್ತವೆ. ಬೇಕಾದ ಷರತ್ತು ಒಂದೇ: ಒಂದು ಹಾಕುವಿಕೆ ಇನ್ನೊಂದರ ಮೇಲೆ ಪ್ರಭಾವ ಬೀರಬಾರದು, ಅಂದರೆ ಪ್ರತಿ ಸಲವೂ ಕೈಯಲ್ಲಿ ಚೆನ್ನಾಗಿ ಕುಲುಕಿಯೇ ಹಾಕಬೇಕು. ಈ ದಾರಿ ನಿಧಾನ, 78 ಬಿಟ್‌ಗೆ ಒಂದು ಸಂಜೆ ಹಿಡಿಯುತ್ತದೆ. ಆದರೆ ಮಕ್ಕಳಿಗೆ ಈ ವಿಷಯವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ದಾಳ ಯಾರು ಕೊಟ್ಟದ್ದು?

ನಮ್ಮ ಕಥನ ಪರಂಪರೆಯಲ್ಲಿ ಶಕುನಿಯ ದಾಳ ಅವನ ಮಾತು ಕೇಳುತ್ತದೆ. ಎದುರು ಕೂತವರಿಗೆ ಅದು ಉಳಿದ ದಾಳಗಳಂತೆಯೇ ಕಾಣುತ್ತದೆ. ಗುಪ್ತಲಿಪಿಯಲ್ಲಿ ಇದಕ್ಕೆ ಹತ್ತಿರದ ಪ್ರಸಂಗವೊಂದು ನಡೆದಿದೆ. ಡ್ಯುಯಲ್ ಇಸಿ ಡಿಆರ್‌ಬಿಜಿ ಎಂಬ ಯಾದೃಚ್ಛಿಕ ಸಂಖ್ಯಾಜನಕವನ್ನು, ಅಂದರೆ ದಾಳದಂತೆ ಊಹೆಗೆ ಸಿಗದ ಸಂಖ್ಯೆಗಳನ್ನು ಹುಟ್ಟಿಸಬೇಕಾದ ಗಣಿತಕ್ರಮವನ್ನು, ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2006ರಲ್ಲಿ ಅಂಗೀಕರಿಸಿತು. ಅದರೊಳಗಿನ ಸ್ಥಿರಾಂಕಗಳನ್ನು ಆರಿಸಿದವನಿಗೆ ಮುಂದಿನ ಸಂಖ್ಯೆಗಳೆಲ್ಲ ಮೊದಲೇ ತಿಳಿಯುವಂತೆ ಮಾಡಿಕೊಳ್ಳಲು ಸಾಧ್ಯವೆಂದು ಡ್ಯಾನ್ ಶುಮೊ ಮತ್ತು ನೀಲ್ಸ್ ಫರ್ಗುಸನ್ 2007ರಲ್ಲಿ ತೋರಿಸಿದರು. 2013ರಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆಯ ಗುಟ್ಟುಗಳನ್ನು ಬಯಲುಮಾಡಿದ ಸ್ನೋಡನ್ ದಾಖಲೆಗಳು ಹೊರಬಂದ ಮೇಲೆ ಅನುಮಾನ ಬಲವಾಗಿ, 2014ರಲ್ಲಿ ನಿಸ್ಟ್ ಅದನ್ನು ಕೈಬಿಟ್ಟಿತು. ಒಂದು ಸಂಖ್ಯೆಯನ್ನು ಕಣ್ಣೆದುರು ಹಿಡಿದು ಇದು ಯಾದೃಚ್ಛಿಕವೋ ಅಲ್ಲವೋ ಎಂದು ಹೇಳಲಾಗದು. ಅದು ಹುಟ್ಟಿದ ಬಗೆಯನ್ನೂ, ಅದು ಹುಟ್ಟುವಾಗ ಯಾರು ಹತ್ತಿರವಿದ್ದರು ಎಂಬುದನ್ನೂ ಕೇಳಬೇಕು.

ದುರುದ್ದೇಶವಿಲ್ಲದೆಯೂ ಕೆಡುಕಾಗುತ್ತದೆ. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿನ ಕೀಲಿಗಳು ಕಂಪ್ಯೂಟರಿನ ಗಡಿಯಾರದ ಹೊತ್ತು ಮತ್ತು ಎರಡು ಪ್ರೊಸೆಸ್ ಸಂಖ್ಯೆಗಳಿಂದ ಹುಟ್ಟುತ್ತಿದ್ದವು. ಅಷ್ಟನ್ನು ಊಹಿಸಬಹುದೆಂದು ಬರ್ಕ್ಲಿಯ ವಿದ್ಯಾರ್ಥಿಗಳಾದ ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್ ಸಾಬೀತುಪಡಿಸಿದರು. ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ 2006ರಲ್ಲಿ ಒಂದೆರಡು ಸಾಲುಗಳ ಬದಲಾವಣೆಯಿಂದ ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿ ತಂತ್ರಾಂಶದ ಯಾದೃಚ್ಛಿಕತೆಯೆಲ್ಲ ಬತ್ತಿಹೋಗಿ, ಒಂದೊಂದು ಬಗೆಯ ಕೀಲಿಗೂ ಸುಮಾರು 32 ಸಾವಿರ ಸಾಧ್ಯತೆಗಳು ಮಾತ್ರ ಉಳಿದವು. ಅದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. 2012ರಲ್ಲಿ ನಾಡಿಯಾ ಹೆನಿಂಜರ್ ಮತ್ತು ಸಂಗಡಿಗರು ಅಂತರಜಾಲದ ಲಕ್ಷಾಂತರ ಸಾರ್ವಜನಿಕ ಕೀಲಿಗಳನ್ನು ಒಟ್ಟಿಗಿಟ್ಟು ಪರೀಕ್ಷಿಸಿದಾಗ, ಬೇರೆ ಬೇರೆ ಉಪಕರಣಗಳ ಆರ್‌ಎಸ್‌ಎ ಕೀಲಿಗಳಲ್ಲಿ (ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಮಾಡುವ ಕೀಲಿಗಳಲ್ಲಿ) ಒಂದೇ ಅವಿಭಾಜ್ಯ ಸಂಖ್ಯೆ ಸೇರಿಕೊಂಡಿರುವುದು ಕಂಡಿತು. ಹಾಗೆ ಸೇರಿದ್ದರೆ ಎರಡೂ ಕೀಲಿಗಳನ್ನು ಒಡೆಯಲು ಶಾಲೆಯಲ್ಲಿ ಕಲಿತ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ಸಾಕು. ಮೊದಲ ಬಾರಿ ಚಾಲೂ ಆದ ರೌಟರಿನಂಥ ಪೆಟ್ಟಿಗೆಗಳು ಹೊರಗಿನ ಲೋಕದಿಂದ ಇನ್ನೂ ಏನನ್ನೂ ಗ್ರಹಿಸಿರದ ಕ್ಷಣದಲ್ಲೇ ಕೀಲಿ ಮಾಡಿಕೊಂಡದ್ದು ಇದಕ್ಕೆ ಮುಖ್ಯ ಕಾರಣವಾಗಿತ್ತು.

ಹಿಂಜವಡಿಯಲ್ಲೋ ಐರೋಲಿಯಲ್ಲೋ ಕೂತು ಕೋಡ್ ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ ಇದರಿಂದ ದೊರೆಯುವ ಪಾಠ ಚಿಕ್ಕದು. ಯಾದೃಚ್ಛಿಕ ಸಂಖ್ಯೆಯನ್ನು ನೀವೇ ಕಟ್ಟಬೇಡಿ, ಆಪರೇಟಿಂಗ್ ಸಿಸ್ಟಮನ್ನು ಕೇಳಿ. ಲಿನಕ್ಸ್‌ನಲ್ಲಿ ಗೆಟ್‌ರ‍್ಯಾಂಡಮ್, ಪೈಥಾನಿನಲ್ಲಿ ಸೀಕ್ರೆಟ್ಸ್, ಜಾವಾದಲ್ಲಿ ಸೆಕ್ಯೂರ್‌ರ‍್ಯಾಂಡಮ್ ಇರುವುದು ಇದಕ್ಕಾಗಿಯೇ. ಪೈಥಾನಿನ ರ‍್ಯಾಂಡಮ್ ಮಾಡ್ಯೂಲು ಬಳಸುವ ಮರ್ಸೆನ್ ಟ್ವಿಸ್ಟರ್ ಆಟಗಳಿಗೆ, ಪ್ರಯೋಗಗಳಿಗೆ ಚೆನ್ನ. ಆದರೆ ಅದು ಹೊರಹಾಕಿದ 32 ಬಿಟ್‌ನ 624 ಸಂಖ್ಯೆಗಳನ್ನು ಸಾಲಾಗಿ ಕಂಡವನು ಮುಂದಿನದನ್ನೆಲ್ಲ ತಪ್ಪಿಲ್ಲದೆ ಹೇಳಬಲ್ಲ. ವರ್ಚುವಲ್ ಯಂತ್ರದ ಪ್ರತಿ ತೆಗೆದು ಹಲವು ಕಡೆ ಚಾಲೂ ಮಾಡುವಾಗ ಪ್ರತಿಯೊಂದಕ್ಕೂ ಹೊಸ ಸೀಡ್ (ಸಂಖ್ಯೆಗಳೆಲ್ಲ ಹುಟ್ಟುವ ಬೀಜ) ಸೇರಿದೆಯೇ ನೋಡಿಕೊಳ್ಳಿ. ಒಮ್ಮೆ ಮಾತ್ರ ಬಳಸಬೇಕಾದ ಸಂಖ್ಯೆಯನ್ನು ಎರಡನೆಯ ಬಾರಿ ಬಳಸಲೇಬೇಡಿ. ಸೋನಿ ಪ್ಲೇಸ್ಟೇಷನ್ 3ರ ಡಿಜಿಟಲ್ ಸಹಿಯಲ್ಲಿ ಪ್ರತಿ ಸಲ ಬದಲಾಗಬೇಕಿದ್ದ ಸಂಖ್ಯೆ ಬದಲಾಗದೆ ಉಳಿದದ್ದರಿಂದ, ಎರಡು ಸಹಿಗಳನ್ನು ಎದುರಿಗಿಟ್ಟುಕೊಂಡು ಸರಳ ಬೀಜಗಣಿತದಲ್ಲೇ ಖಾಸಗಿ ಕೀಲಿಯನ್ನು ಹೊರತೆಗೆಯಬಹುದೆಂದು 2010ರ ಡಿಸೆಂಬರಿನಲ್ಲಿ ತೋರಿಸಲಾಯಿತು.

ಎಲ್ಲರೆದುರು ನಡೆಯುವ ಯಾದೃಚ್ಛಿಕತೆ

ಕೀಲಿಗೆ ಗುಟ್ಟು ಬೇಕು. ಆದರೆ ಚೀಟಿ ಎತ್ತುವಂಥ ಸಂದರ್ಭಗಳಲ್ಲಿ ಬೇಕಾದದ್ದು ಯಾರೂ ಕೈಯಾಡಿಸಲಾಗದ, ಎಲ್ಲರಿಗೂ ಕಾಣುವ ಸಂಖ್ಯೆ. ಮುಂಬಯಿಗೆ ಈ ವ್ಯತ್ಯಾಸ ಹಳೆಯ ಪರಿಚಯ. ಎಷ್ಟೋ ಗಿರಣಿ ಕಾರ್ಮಿಕರ ಸಂಸಾರಗಳನ್ನು ಹಾಳುಮಾಡಿದ ಮಟ್ಕಾ ಜೂಜು ಆರಂಭವಾದದ್ದು ನ್ಯೂಯಾರ್ಕಿನ ಹತ್ತಿ ಪೇಟೆಯಿಂದ ಬರುತ್ತಿದ್ದ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಪಂತ ಕಟ್ಟುವುದರಿಂದ. ಇಲ್ಲಿನ ಯಾರ ಕೈಗೂ ಆ ದರ ಸಿಗದೆಂಬುದೇ ಅದರ ನಂಬಿಕೆಯ ಮೂಲ. ಮುಂದೆ ಆ ದರಗಳ ಮೇಲಿನ ಪಂತ ನಿಂತಮೇಲೆ ಮಡಕೆಯಿಂದ ಚೀಟಿ, ಬಳಿಕ ಇಸ್ಪೀಟಿನ ಎಲೆಗಳು ಬಂದವು. ಮೂರು ಅಂಕಿಗಳನ್ನು ಕೂಡಿಸಿ ಮೊತ್ತದ ಕೊನೆಯ ಅಂಕಿಯನ್ನು ಹಿಡಿಯುವ ಪದ್ಧತಿ ಬೆಳೆಯಿತು. ಜೂಜು ತ್ಯಾಜ್ಯವಾದರೂ ಆ ಕೂಡಿಕೆಯಲ್ಲಿರುವ ಗಣಿತ ಸತ್ಯ: ಸೊನ್ನೆಯಿಂದ ಒಂಬತ್ತರವರೆಗಿನ ಹಲವು ಅಂಕಿಗಳನ್ನು ಕೂಡಿಸಿ ಕೊನೆಯ ಅಂಕಿಯನ್ನು ತೆಗೆದುಕೊಂಡರೆ, ಅವುಗಳಲ್ಲಿ ಒಂದೇ ಒಂದು ನಿಜವಾಗಿ ಯಾದೃಚ್ಛಿಕವೂ ಉಳಿದವುಗಳಿಂದ ಸ್ವತಂತ್ರವೂ ಆಗಿದ್ದರೆ ಫಲವೂ ಪೂರ್ತಿ ಯಾದೃಚ್ಛಿಕವಾಗುತ್ತದೆ. ಆಪರೇಟಿಂಗ್ ಸಿಸ್ಟಮ್‌ಗಳು ಹಲವು ಮೂಲಗಳನ್ನು ಬೆರೆಸುವುದರ ಹಿಂದೆಯೂ ಇದೇ ವಿಚಾರವಿದೆ.

ಡೊಂಬಿವಲಿ, ಪುಣೆ, ಮಡಗಾಂವಿನಲ್ಲಿ ಹರಡಿರುವ ಹನ್ನೆರಡು ಮಂದಿ ಹೆಂಗಸರು ಭಿಶಿ (ತಿಂಗಳ ಚೀಟಿ ಹಣ) ನಡೆಸುತ್ತಿದ್ದರೆ, ಚೀಟಿಯನ್ನು ಒಬ್ಬರ ಮನೆಯಲ್ಲಿ ಎತ್ತಿ ಉಳಿದವರು ನಂಬಬೇಕಾದ ಮುಜುಗರವನ್ನು ಹೀಗೆ ತಪ್ಪಿಸಬಹುದು. ಸೊನ್ನೆಯಿಂದ ಹನ್ನೊಂದರವರೆಗೆ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ‘ನಾಳೆಯ ಸೆನ್ಸೆಕ್ಸ್ ಮುಕ್ತಾಯದ ದಶಮಾಂಶದ ಎರಡು ಅಂಕಿಗಳನ್ನು ಹನ್ನೆರಡರಿಂದ ಭಾಗಿಸಿ ಉಳಿದ ಶೇಷ ಯಾರದೋ ಅವರಿಗೆ ಈ ತಿಂಗಳ ಹಣ’ ಎಂದು ಹಿಂದಿನ ದಿನವೇ ಗುಂಪಿನಲ್ಲಿ ಬರೆದುಬಿಡಿ. ಒಂದು ಎಚ್ಚರಿಕೆ: 96ರಿಂದ 99ರವರೆಗಿನ ಅಂಕಿ ಬಂದರೆ ಬಿಟ್ಟು ಮರುದಿನದ್ದನ್ನು ಹಿಡಿಯಬೇಕು. ಇಲ್ಲವಾದರೆ ಸೊನ್ನೆಯಿಂದ ಮೂರರವರೆಗಿನ ನಾಲ್ವರಿಗೆ ಒಂಬತ್ತು ಅವಕಾಶಗಳು, ಉಳಿದವರಿಗೆ ಎಂಟೇ ಆಗುತ್ತವೆ. ಈ ಸಂಖ್ಯೆಯನ್ನು ಪಾಸ್‌ವರ್ಡಿಗೆ ಮಾತ್ರ ಎಂದೂ ಬಳಸಬೇಡಿ. ಎಲ್ಲರಿಗೂ ತಿಳಿದದ್ದು ನ್ಯಾಯಕ್ಕೆ ಒದಗುತ್ತದೆ, ಗುಟ್ಟಿಗೆ ಒದಗುವುದಿಲ್ಲ.

ನಿಯತಿಯೋ, ಯದೃಚ್ಛೆಯೋ?

ಜಗತ್ತಿನ ಕಾರಣ ಯಾವುದೆಂದು ಕೇಳುವ ಶ್ವೇತಾಶ್ವತರ ಉಪನಿಷತ್ತು ತನ್ನ ಮೊದಲ ಅಧ್ಯಾಯದಲ್ಲೇ ಕಾಲ, ಸ್ವಭಾವ, ನಿಯತಿ (ಮೊದಲೇ ಗೊತ್ತಾದ ವಿಧಿ), ಯದೃಚ್ಛೆ (ಆಕಸ್ಮಿಕ), ಪಂಚಭೂತಗಳು ಮುಂತಾದ ಸಾಧ್ಯತೆಗಳನ್ನು ಎಣಿಸಿ, ಅವು ಯಾವುವೂ ತಾವಾಗಿಯೇ ಸಾಲವು ಎಂಬತ್ತ ನಡೆಯುತ್ತದೆ. ಗುಪ್ತಲಿಪಿಯ ಕೆಲಸ ಮಾಡುವವನಿಗೆ ಈ ಪಟ್ಟಿ ವಿಚಿತ್ರವಾಗಿ ಆಪ್ತ. ಕಾಲವನ್ನೇ ಬೀಜವಾಗಿಟ್ಟುಕೊಂಡ ನೆಟ್‌ಸ್ಕೇಪ್ ಸೋತಿತು. ಇಂದಿನ ಲಿನಕ್ಸ್ ಕರ್ನಲ್ ಯಂತ್ರಾಂಶದ ಗದ್ದಲ ಮತ್ತು ಘಟನೆಗಳ ಸೂಕ್ಷ್ಮ ಸಮಯಭೇದಗಳಿಂದ, ಅಂದರೆ ಭೂತಗಳಿಂದ, 256 ಬಿಟ್‌ನಷ್ಟು ಬೀಜವನ್ನು ಕೂಡಿಸಿಕೊಂಡು, ಮುಂದೆ ಚಾಚಾ20 ಎಂಬ ಗಣಿತದಿಂದ ಬೇಕಾದಷ್ಟು ಸಂಖ್ಯೆಗಳನ್ನು ಹರಿಯಬಿಡುತ್ತದೆ. ಆ ಹರಿವಿನಲ್ಲಿ ಒಂದು ಬಿಟ್ ಕೂಡ ಆಕಸ್ಮಿಕವಲ್ಲ. ಬೀಜ ತಿಳಿದವನಿಗೆ ಅದೆಲ್ಲವೂ ನಿಯತಿ, ತಿಳಿಯದವನಿಗೆ ಅದೆಲ್ಲವೂ ಯದೃಚ್ಛೆ. ಒಂದೇ ಸಾಲು ಒಬ್ಬನಿಗೆ ಬರೆದಿಟ್ಟ ಹಣೆಬರಹ, ಇನ್ನೊಬ್ಬನಿಗೆ ಬರಿಯ ಗದ್ದಲ.

ಹಾಗಾದರೆ ಯಾರಿಗೂ ತಿಳಿಯದ, ತಿಳಿಯಲಾಗದ ಆಕಸ್ಮಿಕ ಎಲ್ಲಾದರೂ ಇದೆಯೇ? ಕ್ವಾಂಟಮ್ ಭೌತಶಾಸ್ತ್ರ ಇದೆಯೆಂದು ಹೇಳುವುದಕ್ಕೆ ಬಹಳ ಹತ್ತಿರ ಬಂದಿದೆ. ಜಾನ್ ಬೆಲ್ 1964ರಲ್ಲಿ ಮಂಡಿಸಿದ ಪ್ರಮೇಯವನ್ನು ಪ್ರಯೋಗಗಳಲ್ಲಿ ಒರೆಗೆ ಹಚ್ಚಿದ್ದಕ್ಕಾಗಿ ಅಲೆನ್ ಆಸ್ಪೆ, ಜಾನ್ ಕ್ಲಾಸರ್ ಮತ್ತು ಆಂಟನ್ ಸೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು. ಕಣಗಳು ತಮ್ಮ ಫಲಗಳನ್ನು ಮೊದಲೇ ಹೊತ್ತು ಬರುತ್ತವೆ, ದೂರದ ಯಾವುದೂ ಅವನ್ನು ತಟ್ಟದು ಎಂಬ ಚಿತ್ರ ಆ ಪ್ರಯೋಗಗಳ ಮುಂದೆ ನಿಲ್ಲುವುದಿಲ್ಲ. ಆಸ್ತಿಕರು ಇಲ್ಲಿ ಕಳವಳಪಡುವುದನ್ನು ಕಂಡಿದ್ದೇನೆ: ಕರ್ಮಫಲವಿರುವ ಜಗತ್ತಿನಲ್ಲಿ ಅಕಾರಣವಾದದ್ದು ಹೇಗೆ ಇರಲು ಸಾಧ್ಯ ಎಂಬ ಪ್ರಶ್ನೆ ಅವರದು. ನನ್ನ ಉತ್ತರವಿಷ್ಟೇ. ದಾಳವನ್ನು ಈಶ್ವರನೇ ಉರುಳಿಸಿದನೆಂದರೂ ಕೀಲಿಗೆ ಧಕ್ಕೆಯಿಲ್ಲ, ಏಕೆಂದರೆ ಆತನಿಂದ ಬಚ್ಚಿಡಲು ನಾವು ಕೀಲಿ ಮಾಡುತ್ತಿಲ್ಲ. ಇನ್ನೊಬ್ಬ ಮನುಷ್ಯನ ಲೋಭ ಮತ್ತು ಕುತೂಹಲದ ಎಟುಕಿನಿಂದ ಹೊರಗಿದ್ದರೆ ಅದರ ಕೆಲಸ ಆಯಿತು. ಆದ್ದರಿಂದ ನಿಯತಿವಾದಿಯೂ ಯದೃಚ್ಛಾವಾದಿಯೂ ಭಕ್ತನೂ ಒಂದೇ ಚಾದರದ ಮೇಲೆ ಅದೇ ಮೂರು ದಾಳ ಉರುಳಿಸಬಹುದು.

ಬರೆದದ್ದನ್ನು ಇಡುವುದು, ಬದಲಿಸುವುದು

ಹತ್ತು ಪದಗಳ ಕಾಗದವನ್ನು ಮೊಬೈಲಿನಲ್ಲಿ ಫೋಟೊ ತೆಗೆಯಬೇಡಿ, ನಿಮಗೆ ನೀವೇ ವಾಟ್ಸ್ಆ್ಯಪ್ ಮಾಡಿಕೊಳ್ಳಬೇಡಿ. ನೋಟ್‌ಬುಕ್ಕಿನ ಮೇಲೆಯೇ ಬರೆದರೆ ಕೆಳಗಿನ ಹಾಳೆಯಲ್ಲಿ ಅಚ್ಚು ಉಳಿಯುತ್ತದೆ, ಬಿಡಿ ಹಾಳೆಯನ್ನು ಗಟ್ಟಿ ನೆಲದ ಮೇಲಿಟ್ಟು ಬರೆಯಿರಿ. ಜೆಲ್ ಪೆನ್ನಿನ ಶಾಯಿ ಮುಂಬಯಿಯ ಮಳೆಗಾಲದ ತೇವಕ್ಕೆ ಹರಡುವುದರಿಂದ ಪೆನ್ಸಿಲ್ ವಾಸಿ. ಮೊದಲ ಎರಡು ವಾರ ದಿನಕ್ಕೊಮ್ಮೆ ನೋಡದೆ ಟೈಪು ಮಾಡಿ, ತಡವರಿಸಿದಾಗ ಮಾತ್ರ ಕಾಗದ ನೋಡಿ. ಆಮೇಲೆ ಅದನ್ನು ಲಕೋಟೆಗೆ ಹಾಕಿ, ಅಂಟಿಸಿದ ಗೆರೆಯ ಮೇಲೆ ಸಹಿ ಮಾಡಿ, ವಿಮೆಯ ಕಾಗದಗಳ ಜೊತೆಗೋ ಬ್ಯಾಂಕ್ ಲಾಕರಿನಲ್ಲೋ ಇಡಿ, ಎಲ್ಲಿದೆಯೆಂದು ಮನೆಯ ಒಬ್ಬರಿಗೆ ತಿಳಿಸಿರಿ. ಈ ಪಾಸ್‌ಫ್ರೇಸ್ ಪಾಸ್‌ವರ್ಡ್ ಮ್ಯಾನೇಜರಿಗೆ ಮತ್ತು ಲ್ಯಾಪ್‌ಟಾಪಿನ ಡಿಸ್ಕಿಗೆ ಸಾಕು. ಉಳಿದ ನೂರಾರು ಖಾತೆಗಳ ಪಾಸ್‌ವರ್ಡ್‌ಗಳನ್ನು ಮ್ಯಾನೇಜರೇ ಹುಟ್ಟಿಸಲಿ.

ವರ್ಷಕ್ಕೊಮ್ಮೆ ಬದಲಿಸುವ ಅಗತ್ಯವಿಲ್ಲ. ಹಾಗೆ ಒತ್ತಾಯಿಸಿದರೆ ಜನ ಕೊನೆಯ 1ನ್ನು 2 ಮಾಡುತ್ತಾರೆ ಅಷ್ಟೇ, ಹಾಗಾಗಿ ನಿಸ್ಟ್ ಕೂಡ 2017ರ ತನ್ನ ಮಾರ್ಗಸೂಚಿಯಲ್ಲಿ ಅವಧಿಗೊಮ್ಮೆ ಬದಲಿಸುವ ಕಟ್ಟಳೆ ಬೇಡವೆಂದಿತು. ಬೇರೆಯವರ ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದರೆ, ಫೋನಿನಲ್ಲಿ ಯಾರಿಗಾದರೂ ಹೇಳಿದ್ದರೆ, ಲಕೋಟೆಯ ಸಹಿ ಕದಲಿದ್ದರೆ ಮಾತ್ರ ಅದೇ ದಿನ ಬದಲಿಸಿ. ಆಗ ಹತ್ತೂ ಪದಗಳನ್ನು ಹೊಸದಾಗಿ ಉರುಳಿಸಬೇಕು. ಒಂದು ಪದವನ್ನಷ್ಟೇ ಬದಲಿಸಿದರೆ ಹಳೆಯದನ್ನು ಬಲ್ಲವನಿಗೆ ಹತ್ತು ಸ್ಥಾನಗಳಲ್ಲಿ 215 ಪದಗಳಂತೆ 2,150 ಊಹೆಗಳ ಕೆಲಸ ಮಾತ್ರ ಉಳಿಯುತ್ತದೆ.